ಲಂಟಾನದ ಪೊದೆಯೂ ಅದರ ಜಾಲರೆಕ್ಕೆಯ ತಿಗಣೆಯೂ

ತೆಲಂಗಾಣದ ಪೆದ್ದೆಮುಲ್, ತಾಂಡೂರುಗಳ ತೊಗರಿಯ ಸೀಮೆಯಲ್ಲಿ ಹೊಲದ ಬದುಗಳನ್ನೂ ಕುರುಚಲು ಗುಡ್ಡಗಳನ್ನೂ ಆಕ್ರಮಿಸಿರುವ ಲಂಟಾನವು ಅಮೆರಿಕದ ಉಷ್ಣವಲಯದಲ್ಲಿ ಹುಟ್ಟಿ, ಐರೋಪ್ಯ ಉದ್ಯಾನಗಳಲ್ಲಿ ನಾನಾ ಸಂಕರಗಳಿಗೊಳಗಾಗಿ, ೧೮೦೯ರ ಸುಮಾರಿಗೆ ಕಲಕತ್ತೆಯ ಸಸ್ಯೋದ್ಯಾನಕ್ಕೆ ಕೇವಲ ಅಲಂಕಾರಾರ್ಥವಾಗಿ ಬಂದ ಸಸ್ಯವಾಗಿದೆ. ಇದನ್ನು ತಿನ್ನುವ ಸ್ವದೇಶೀ ಕೀಟಗಳಾವುವೆಂದು ವೈ. ರಾಮಚಂದ್ರರಾಯರು ೧೯೧೬ರಿಂದ ೧೯೧೯ರವರೆಗೆ ಭಾರತ, ಬರ್ಮಾಗಳಲ್ಲಿ ಸಮೀಕ್ಷೆ ನಡೆಸಿದರೂ, ಪೊದೆಯನ್ನು ಹತ್ತಿಕ್ಕಬಲ್ಲ ಕೀಟವೊಂದೂ ದೊರೆಯಲಿಲ್ಲ.

ಆಗ ದೃಷ್ಟಿಯು ಸಹಜವಾಗಿಯೇ ಪೊದೆಯ ತವರಿನ ಕಡೆಗೆ ಹೊರಳಿತು. ಮೆಕ್ಸಿಕೋ ಮೂಲದ ಟೆಲಿಯೊನೀಮಿಯ ಸ್ಕ್ರುಪ್ಯುಲೋಸವೆಂಬ ತಿಗಣೆಯನ್ನು ೧೯೪೧ರಲ್ಲಿ ಆಸ್ಟ್ರೇಲಿಯದಿಂದ ಡೆಹ್ರಾಡೂನಿಗೆ ತರಿಸಿ ಬಂಧನದಲ್ಲಿಟ್ಟು ಪರೀಕ್ಷಿಸಲಾಗಿ, ಅದು ತೇಗದ ಹೂವಿಗೂ ಬಾಯಿ ಹಾಕುವುದೆಂದು ಕಂಡುಬಂದುದರಿಂದ, ಸಾಕಿದ ಸಂತತಿಯನ್ನೆಲ್ಲ ನಾಶಪಡಿಸಿದರು. (ಅಂದಿನ ವರ್ಗೀಕರಣದಲ್ಲಿ ತೇಗವೂ ಲಂಟಾನವೂ ಒಂದೇ ಕುಟುಂಬದವೆಂಬುದನ್ನು ನೆನೆದರೆ ಆ ಅಂಜಿಕೆ ಅಕಾರಣವಲ್ಲ.) ಆದರೆ ಮನುಷ್ಯನ ನಿರ್ಣಯಕ್ಕೆ ಕೀಟವು ಕಾಯಲಿಲ್ಲ: ಬಂಧನದಿಂದ ತಪ್ಪಿಸಿಕೊಂಡಿದ್ದ ಅದು ೧೯೫೧ರಲ್ಲಿ ಡೆಹ್ರಾಡೂನಿನ ಬಯಲು ಪೊದೆಗಳ ಮೇಲೆ ಕಾಣಿಸಿಕೊಂಡಿತು. ಎಂ. ಎಲ್. ರೂನ್ವಾಲರು ಮರುವರ್ಷವೇ ಅದರ ನೆಲೆಯೂರುವಿಕೆಯನ್ನು ವರದಿ ಮಾಡಿದರು. ಕ್ರಮೇಣ ಅದು ದೇಶದ ಲಂಟಾನವನ್ನೆಲ್ಲ ವ್ಯಾಪಿಸಿತು.

ಬಾಧಿತ ಎಲೆಯನ್ನು ಮಗುಚಿ ನೋಡಿದರೆ, ಎಳ್ಳುಕಾಳಿಗಿಂತ ತುಸು ಉದ್ದನೆಯ, ಬಲೆಯಂತೆ ಕೊರೆದ ರೆಕ್ಕೆಗಳ ಕಂದು ತಿಗಣೆಗಳೂ, ಮೈಯೆಲ್ಲ ಮುಳ್ಳಾದ ಮರಿಗಳೂ, ಹಿಕ್ಕೆಯ ಕರಿಚುಕ್ಕೆಗಳೂ ಕಾಣುವುವು. ಎಲೆಯ ನರಗಳಲ್ಲಿ ಹುದುಗಿಸಿಟ್ಟ ಮೊಟ್ಟೆಯಿಂದ ಹೊರಟ ಮರಿಯು ಐದು ಸಲ ಪೊರೆ ಕಳಚಿ ಬೆಳೆಯುತ್ತದೆ. ರಸ ಹೀರಲ್ಪಟ್ಟ ಎಲೆ ಬಿಳಚಿ, ಸುರುಳಿಗೊಂಡು ಉದುರುವುದು. ಮೊಗ್ಗುಗಳು ಬಾಡಿ ಬೀಜ ಕುಗ್ಗುವುದು. ಆದರೂ ಮಳೆ ಬಿದ್ದೊಡನೆ ಬುಡ ಮತ್ತೆ ಚಿಗುರುತ್ತದೆ. ಈ ಅರೆಜಯದ ಹೊಣೆಯನ್ನೆಲ್ಲ ಕೀಟದ ಮೇಲೆ ಹೊರಿಸುವುದು ಸಾಧುವಲ್ಲವೆಂದು ನನ್ನ ಅಭಿಪ್ರಾಯ. ಲಂಟಾನವು ಪ್ರಕೃತಿ ನಿರ್ಮಿಸಿದ ಒಂದೇ ಜಾತಿಯಲ್ಲ, ತೋಟಗಾರರು ಹೂಬಣ್ಣದ ಮೋಹದಿಂದ ಬೆರೆಸಿದ ಸಂಕರಗಳ ಸಮೂಹ. ತಿಗಣೆಯೋ ಕೆಲವು ಬಗೆಗಳನ್ನು ಬೋಳುಮಾಡಿ ಕೆಲವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ.

ತೇಗಕ್ಕೆ ಬಯಲಿನಲ್ಲಿ ಶಂಕಿಸಿದಷ್ಟು ಹಾನಿ ತಟ್ಟಲಿಲ್ಲ. ಆದರೆ ೧೯೬೦ರ ದಶಕದ ಉಗಾಂಡದಲ್ಲಿ ಇದೇ ತಿಗಣೆ ಎಳ್ಳಿನ ಬೆಳೆಗೆ ಏರಿತ್ತು; ಆದಕಾರಣ ಲಂಟಾನದ ಬೇಲಿಗೆ ಒತ್ತಿದ ಎಳ್ಳಿನ ಸಾಲುಗಳನ್ನು, ವಿಶೇಷತಃ ಬೇಲಿಯ ಎಲೆ ಉದುರಿದ ದಿನಗಳಲ್ಲಿ, ಪೆದ್ದೆಮುಲ್ಲಿನ ಸುತ್ತಲೂ ಪರೀಕ್ಷಿಸಿ ನೋಡತಕ್ಕದ್ದು.