ವಾಸ್ತುಶಿಲ್ಪ ಪರಂಪರೆಯ ಸಂರಕ್ಷಣಾ ನೀತಿ

ಚಾರಿತ್ರಿಕ ಮಹತ್ವವುಳ್ಳ ಗುಡಿ, ಕೋಟೆ, ಮನೆ, ಬೀದಿಗಳನ್ನು ಉಳಿಸಿಕೊಳ್ಳಲು ಸರ್ಕಾರಗಳು ರೂಪಿಸಿದ ಕಾಯಿದೆ ಮತ್ತು ಆಡಳಿತ ವ್ಯವಸ್ಥೆ. ಒಂಟಿ ಸ್ಮಾರಕದ ರಕ್ಷಣೆಯಿಂದ ತೊಡಗಿದ ಈ ನೀತಿ ಕ್ರಮೇಣ ಅದರ ಸುತ್ತಲಿನ ಪರಿಸರಕ್ಕೂ ಜನ ಬಾಳುವ ಊರುಗಳಿಗೂ ಹಬ್ಬಿತು. ಮಾಲೀಕನ ಹಕ್ಕಿಗೂ ಸಮಾಜದ ಹಕ್ಕಿಗೂ ನಡುವಣ ಗಡಿ ಯಾವುದು ಎಂಬುದು ಎಲ್ಲೆಡೆಯೂ ಇದರ ಮುಖ್ಯ ತೊಡಕು.

ಯುರೋಪ್: ಪ್ರಾಚೀನ ಅವಶೇಷಗಳ ರಕ್ಷಣೆಗೆ ಸ್ವೀಡನ್ 1666ರಲ್ಲೇ ರಾಜಾಜ್ಞೆ ಹೊರಡಿಸಿತು. ಕ್ರಾಂತಿಯ ಕಾಲದಲ್ಲಿ ಅನೇಕ ಚರ್ಚು, ಮಠಗಳನ್ನು ಕಳೆದುಕೊಂಡಿದ್ದ ಫ್ರಾನ್ಸ್ 1830ರಲ್ಲಿ ಸ್ಮಾರಕಗಳ ಮಹಾನಿರೀಕ್ಷಕರ ಹುದ್ದೆಯನ್ನು ಸೃಷ್ಟಿಸಿತು. 1834ರಲ್ಲಿ ಸಾಹಿತಿ ಪ್ರಾಸ್ಪರ್ ಮೆರಿಮೆ ಆ ಸ್ಥಾನಕ್ಕೆ ಬಂದರು. ಮಾಲೀಕನ ಒಪ್ಪಿಗೆ ಇಲ್ಲದೆಯೂ ಕಟ್ಟಡವನ್ನು ಸಂರಕ್ಷಿತವೆಂದು ಸಾರುವ ಅಧಿಕಾರ 1913ರ ಕಾಯಿದೆಯಿಂದ ಸರ್ಕಾರಕ್ಕೆ ದೊರೆಯಿತು. 1943ರ ಕಾಯಿದೆ ಸ್ಮಾರಕದ ಸುತ್ತ 500 ಮೀಟರ್ ವ್ಯಾಪ್ತಿಯ ಕಟ್ಟಡ ಕೆಲಸಗಳನ್ನು ನಿಯಂತ್ರಿಸಿತು; 1962ರ ಮಾಲ್ರೊ ಕಾಯಿದೆ ಹಳೆಯ ಬಡಾವಣೆಗಳನ್ನು ಇಡಿಯಾಗಿ ರಕ್ಷಣೆಗೆ ಒಳಪಡಿಸಿತು. ಆಸ್ತಿಹಕ್ಕಿಗೆ ಹೆಚ್ಚು ಬೆಲೆ ಕೊಟ್ಟ ಬ್ರಿಟನ್ ನಿಧಾನವಾಗಿ ಸಾಗಿತು. ಜಾನ್ ಲಬಕ್ ಅವರ ಪ್ರಯತ್ನದ ಫಲವಾದ 1882ರ ಕಾಯಿದೆ ಬಹುಮಟ್ಟಿಗೆ ಇತಿಹಾಸಪೂರ್ವ ನೆಲೆಗಳಿಗೆ ಸೀಮಿತವಾಗಿತ್ತು. ಮಾಲೀಕ ಒಪ್ಪಿದರೆ ಮಾತ್ರ ಸರ್ಕಾರ ಅವುಗಳ ಉಸ್ತುವಾರಿ ವಹಿಸಬಹುದಿತ್ತು.

ಜಪಾನ್: 1897ರ ಕಾಯಿದೆ ಹಳೆಯ ದೇಗುಲಗಳ ದುರಸ್ತಿಗೆ ನೆರವು ಒದಗಿಸಿತು. 1949ರಲ್ಲಿ ಹೋರ್ಯುಜಿ ದೇಗುಲದ ಭಿತ್ತಿಚಿತ್ರಗಳು ಬೆಂಕಿಗೆ ತುತ್ತಾದ ಮರುವರ್ಷವೇ ಸಾಂಸ್ಕೃತಿಕ ಸ್ವತ್ತುಗಳ ರಕ್ಷಣಾ ಕಾಯಿದೆ ಬಂತು. ಮರದ ಕಟ್ಟಡಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಪದ್ಧತಿಯುಳ್ಳ ಈ ದೇಶ, 1975ರ ತಿದ್ದುಪಡಿಯಿಂದ ದುರಸ್ತಿಯ ಕೌಶಲಗಳಿಗೂ ಕಾನೂನಿನ ರಕ್ಷಣೆ ನೀಡಿತು.

ಅಮೆರಿಕ: ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಿಂದ ಕೆಡವತೊಡಗಿದಾಗ ಎದ್ದ ಅಸಮಾಧಾನ 1965ರ ನಗರ ಕಾಯಿದೆಗೆ ಬಲ ತಂದಿತು. 1966ರಲ್ಲಿ ರಾಷ್ಟ್ರೀಯ ಕಾಯಿದೆಯೂ ಜಾರಿಯಾಯಿತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟಲು ಅನುಮತಿ ನಿರಾಕರಿಸಿದ ನಗರಾಡಳಿತದ ಕ್ರಮವನ್ನು 1978ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಭಾರತ: 1861ರಲ್ಲಿ ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ ನೇತೃತ್ವದಲ್ಲಿ ಪುರಾತತ್ವ ಸರ್ವೇಕ್ಷಣೆ ಆರಂಭವಾಯಿತು. ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಆಡಳಿತಕ್ಕೆ ಗಟ್ಟಿಯಾದ ನೆಲೆ ಒದಗಿಸಿತು. ಈಗ ಜಾರಿಯಲ್ಲಿರುವುದು 1958ರ ಕೇಂದ್ರ ಕಾಯಿದೆ; ಕರ್ನಾಟಕಕ್ಕೆ 1961ರ ಪ್ರತ್ಯೇಕ ಕಾಯಿದೆಯಿದೆ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ.

ಅಂತರರಾಷ್ಟ್ರೀಯ ನೆಲೆ: 1964ರ ವೆನಿಸ್ ಸನ್ನದು ದುರಸ್ತಿಯ ತತ್ತ್ವಗಳನ್ನು ನಿರೂಪಿಸಿತು, ಯುನೆಸ್ಕೊದ 1972ರ ಒಪ್ಪಂದ ವಿಶ್ವ ಪರಂಪರೆಯ ಪಟ್ಟಿಗೆ ದಾರಿಮಾಡಿತು. 1986ರಲ್ಲಿ ಈ ಪಟ್ಟಿಗೆ ಸೇರಿದ ಹಂಪಿಯ ಹೆಸರು, ತೂಗುಸೇತುವೆಗಳ ನಿರ್ಮಾಣದಿಂದಾಗಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ರಾಜ್ಯ ಸರ್ಕಾರ 2002ರ ಕಾಯಿದೆಯ ಮೂಲಕ ಹಂಪಿಗೆ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರ ರಚಿಸಿತು. 2006ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಯಿಂದ ಹೊರಬಂತು.

ಭಾರತದ 1958ರ ಕಾಯಿದೆ ಕನಿಷ್ಠ 100 ವರ್ಷ ಹಳೆಯ ಸ್ಮಾರಕಗಳಿಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕಿಂತ ಈಚಿನ ಕಟ್ಟಡಗಳ ರಕ್ಷಣೆ ಬಹುಪಾಲು ಆಯಾ ನಗರಗಳ ಯೋಜನಾ ನಿಯಮಗಳನ್ನು ಅವಲಂಬಿಸಿದೆ.