ಹಾಡು ಉಳಿಯಿತು, ಅಕ್ಷರ ಯಾಕೆ ಕೆಟ್ಟಿತು? ವಿನೋಬನಗರದ ಡಿಟಿಪಿ ಕಾಲದ ಕಥೆ

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಜಿಲ್ಲೆ ಅಂದ ಮೇಲೆ ಕಚೇರಿಗಳು ಬಂದವು. ಕಚೇರಿ ಅಂದ ಮೇಲೆ ಅರ್ಜಿ, ಅರ್ಜಿ ಅಂದ ಮೇಲೆ ಅದನ್ನು ಟೈಪ್ ಮಾಡಿಕೊಡುವವರು. ವಿನೋಬನಗರದ ಮನೆಗಳ ಮುಂದಿನ ಕೋಣೆಗಳಲ್ಲಿ ‘ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್’ ಬೋರ್ಡುಗಳು ಒಂದೊಂದಾಗಿ ನೇತಾಡತೊಡಗಿದವು. ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯವರು ಲಗ್ನಪತ್ರಿಕೆ ಮಾಡಿಸಲು ಇಂಥ ಅಂಗಡಿಯ ಸ್ಟೂಲಿನ ಮೇಲೆ ಒಮ್ಮೆಯಾದರೂ ಕೂತಿರುತ್ತೀರಿ.

ನಮ್ಮ ಬಳಗದ ಕೆಲವರು ಕನ್ನಡ ಟೈಪಿಂಗ್ ಕಲಿತದ್ದು ಅಂಥ ಅಂಗಡಿಗಳಲ್ಲೇ. ಆ ಕಂಪ್ಯೂಟರುಗಳಲ್ಲಿ ಇದ್ದ ಸಾಫ್ಟ್‌ವೇರುಗಳು ನಾಲ್ಕೈದು ಮಾತ್ರ. ಪುಟ ಕಟ್ಟಲು ಪೇಜ್‌ಮೇಕರ್, ಲಗ್ನಪತ್ರಿಕೆಯ ಬಳ್ಳಿ-ಗಣಪತಿಗೆ ಕೋರಲ್‌ಡ್ರಾ, ಕನ್ನಡಕ್ಕೆ ಶ್ರೀಲಿಪಿ, ಬರಹ ಇಲ್ಲವೇ ನುಡಿ. ಇನ್ನೊಂದು, ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿಗಳು ಕುಣಿಯುತ್ತಿದ್ದ ವಿನ್ಆಂಪ್. ಅದು ಹಾಡದಿದ್ದರೆ ಆಪರೇಟರ್ ಬೆರಳೂ ಓಡುತ್ತಿರಲಿಲ್ಲ.

ಇವು ಬರುವ ಮೊದಲು ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸಬೇಕಿತ್ತು. ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ. ಕನ್ನಡದ ನೂರಾರು ಮೊಳೆಗಳನ್ನು ಇಂಗ್ಲಿಷಿನ 26 ಕೀಲಿಗಳ ಮೇಲೆ ಕೂರಿಸುವುದು ಹೇಗೆ? ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಇದಕ್ಕೆ ಸುಲಭದ ದಾರಿ ತೋರಿಸಿದರು. ಉಚ್ಚಾರಕ್ಕೆ ಹತ್ತಿರದ ಕೀಲಿಗೆ ಆ ಅಕ್ಷರ ಕೊಟ್ಟರು, ಒತ್ತು ಸೇರಿಸಲು ‘ಎಫ್’ ಕೀಲಿಯನ್ನು ಕೊಂಡಿ ಮಾಡಿದರು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಮುಗಿಯಿತು, ಐದೇ ಏಟು. ಮುಂದೆ ಸರ್ಕಾರ ಒಪ್ಪಿಕೊಂಡ ವಿನ್ಯಾಸವೂ ಇದೇ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಮಾಡಿದ ಉಚಿತ ‘ನುಡಿ’ಯಲ್ಲಿ ಇದೇ ಬಂತು. ಅದಕ್ಕೂ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತ್ತು. ಅದರಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್‌ನಂತೆ ಕುಟ್ಟಿದರೂ ಕನ್ನಡ ಮೂಡುತ್ತಿತ್ತು. ಮನೆಯಲ್ಲಿ ಬರೆಯುವವರಿಗೆ ಬರಹ ಪ್ರೀತಿ, ಅಂಗಡಿಯಲ್ಲಿ ಪುಟಕ್ಕಿಷ್ಟು ಎಂದು ದುಡಿಯುವವರಿಗೆ ನುಡಿ. ಇವತ್ತಿಗೂ ವೇಗದಲ್ಲಿ ಕೆ.ಪಿ. ರಾವ್ ವಿನ್ಯಾಸವನ್ನು ಮೀರಿದ್ದು ನಮಗೆ ಕಂಡಿಲ್ಲ.

ಹಳ್ಳಿಯ ಬಹಳ ಜನ ಕಂಪ್ಯೂಟರ್ ಕನ್ನಡವನ್ನು ಮೊದಲು ನೋಡಿದ್ದು ಮಾತ್ರ ಲಗ್ನಪತ್ರಿಕೆಯಲ್ಲಲ್ಲ, ಪಹಣಿಯಲ್ಲಿ. ‘ಭೂಮಿ’ ಯೋಜನೆಯಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು.

ಇನ್ನು ಹಾಡಿನ ಕಡೆ ಬರೋಣ. ವಿನ್ಆಂಪ್ ಬಂದದ್ದು ನಮ್ಮ ಜಿಲ್ಲೆ ಹುಟ್ಟಿದ ವರ್ಷವೇ, 1997ರಲ್ಲಿ. ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಮತ್ತು ಡಿಮಿಟ್ರಿ ಬೋಲ್ಡಿರೆವ್ ಎಂಬ ಹುಡುಗರು ಮಾಡಿದ್ದು. ಅದು ನುಡಿಸುತ್ತಿದ್ದ ಎಂಪಿ3 ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮುಂದೆ ನಿಂತು ರೂಪಿಸಿದ ವಿಧಾನ. ಕಿವಿಗೆ ಅಷ್ಟಾಗಿ ಕೇಳಿಸದ ಸದ್ದನ್ನು ತೆಗೆದುಹಾಕಿ ಹಾಡನ್ನು ಹತ್ತನೇ ಒಂದು ಪಾಲಿನಷ್ಟಕ್ಕೆ ಇಳಿಸುವುದು ಅದರ ಗುಟ್ಟು. ಕ್ಯಾಸೆಟ್ಟಿನಲ್ಲಿ ಒಂದು ಗಂಟೆ ಹಾಡಿದರೆ, ಒಂದು ಎಂಪಿ3 ಸಿಡಿಯಲ್ಲಿ ನೂರೈವತ್ತು ಹಾಡು ಹಿಡಿಯುತ್ತಿದ್ದವು. ಆಮೇಲೆ ಮೆಮೊರಿ ಕಾರ್ಡು ಬಂತು. ‘ಮೊಬೈಲಿಗೆ ಹಾಡು ಹಾಕಿಸೋದು’ ಅದೇ ಅಂಗಡಿಗಳ ಎರಡನೇ ಕಸುಬಾಯಿತು. ಕಾನೂನಿನ ಪ್ರಕಾರ ಅದು ಸರಿಯಲ್ಲ ಅನ್ನುವುದು ಅಂಗಡಿಯವರಿಗೂ ಗೊತ್ತಿತ್ತು, ಗಿರಾಕಿಗೂ ಗೊತ್ತಿತ್ತು.

ಈಗ ನಮ್ಮನ್ನು ಕಾಡುವ ವಿಷಯ. ಅಂದು ವಿನ್ಆಂಪ್‌ನಲ್ಲಿ ಕೇಳುತ್ತಿದ್ದ ಹಾಡಿನ ಫೈಲು ಇವತ್ತು ನಿಮ್ಮ ಫೋನಿಗೆ ಹಾಕಿದರೆ ಹಾಡುತ್ತದೆ. ಅದೇ ದಿನ, ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಊರಿನ ಜಾತ್ರೆಯ ಪುಸ್ತಿಕೆ ತೆರೆಯಿರಿ, ‘ಕನ್ನಡ’ ಎಂಬ ಪದದ ಜಾಗದಲ್ಲಿ ಒಂದು ಇಂಗ್ಲಿಷ್ ‘ಪಿ’, ತಲೆ ಮೇಲೆ ಗೀಟಿರುವ ‘ಎ’, ಪೌಂಡಿನ ಗುರುತು ಕಾಣಿಸುತ್ತವೆ.

ವೈರಸ್ ಅಲ್ಲ ಅದು. ಎಂಪಿ3ಗೆ ಜಗತ್ತು ಮೊದಲೇ ಒಂದು ನಿಯಮ ಮಾಡಿಕೊಂಡಿತ್ತು. ಯಾವ ಪ್ಲೇಯರ್ ಆದರೂ ಅದನ್ನು ಓದಬಲ್ಲದು. ನಮ್ಮ ಅಕ್ಷರಕ್ಕೆ ಆಗಿದ್ದು ಬೇರೆ. ಕಂಪ್ಯೂಟರ್ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಇಟ್ಟು, ಮೇಲೆ ಕನ್ನಡದ ಚಿತ್ರ ಹೊದಿಸುತ್ತಿದ್ದರು. ‘ನುಡಿ 01 ಇ’ ಎಂಬ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಒಳಗಿನದು ಬಯಲು. ನುಡಿ ಮತ್ತು ಬರಹದ ಲೆಕ್ಕ ಒಂದಾದರೂ ಶ್ರೀಲಿಪಿಯದು ಬೇರೆ.

ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯುನಿಕೋಡ್ 1991ರಲ್ಲೇ ಬಂದಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯುನಿಕೋಡ್ ಫಾಂಟ್ ಕೂಡ ಇತ್ತು. ಆದರೂ ಅಂಗಡಿಗಳು ಹಳೆಯದನ್ನು ಬಿಡಲಿಲ್ಲ. ಸೋಮಾರಿತನ ಅನ್ನಬೇಡಿ. ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತೇ ಇರಲಿಲ್ಲ, 2001ರ 7.0 ಆವೃತ್ತಿಯ ನಂತರ ಅದು ಬೆಳೆಯಲೂ ಇಲ್ಲ. ಪತ್ರಿಕೆ, ಪ್ರೆಸ್ಸು, ಪ್ಲೇಟು ಮಾಡುವವರು ಎಲ್ಲರೂ ಅದಕ್ಕೇ ಒಗ್ಗಿದ್ದರು. ನಾಳೆ ಬೆಳಗ್ಗೆ ಮದುವೆ ಕಾರ್ಡು ಕೊಡಬೇಕಾದವನು ಇಪ್ಪತ್ತು ವರ್ಷದ ಮುಂದಿನದನ್ನು ಯೋಚಿಸುತ್ತಾನಾ?

ಹೀಗೆ ಶಾಲೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಅಜ್ಜಿಯರಿಂದ ಬರೆದುಕೊಂಡ ಸೋಬಾನೆ ಪದ ಎಲ್ಲ ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಮಲಗಿವೆ. ಗೂಗಲ್ಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ಓದಲಾಗುವುದಿಲ್ಲ. ಊರಿನ ಬರಹ ಕೆಡಲು ಬೆಂಕಿ, ಗೆದ್ದಲು ಬೇಕಿಲ್ಲ ಎಂದು ನಾವು ಕಂಡುಕೊಂಡದ್ದು ಹೀಗೆ.

ತೆಗೆಯಲು ದಾರಿ ಇದೆ. ನುಡಿ, ಬರಹದ ಹಳೆಯ ಅಕ್ಷರವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಹೆಸರು, ಸರ್ವೆ ನಂಬರುಗಳನ್ನು ಕಾಗದದ ಪ್ರತಿಯ ಜೊತೆ ಕಣ್ಣಿಟ್ಟು ತಾಳೆ ನೋಡಿ. ಪೇಜ್‌ಮೇಕರ್ ಫೈಲು ಸ್ವಲ್ಪ ಕಷ್ಟ. ಇನ್‌ಡಿಸೈನ್ ಸಿಎಸ್6 ತನಕದ ಆವೃತ್ತಿಗಳು ಪೇಜ್‌ಮೇಕರ್ 6 ಮತ್ತು 7ರ ಫೈಲು ತೆರೆಯುತ್ತಿದ್ದವು, ನಂತರದವು ತೆರೆಯುವುದಿಲ್ಲ. ಅದಕ್ಕೇ ಕೆಲವು ಅಂಗಡಿಗಳ ಮೂಲೆಯಲ್ಲಿ ಇನ್ನೂ ಒಂದು ಎಕ್ಸ್‌ಪಿ ಕಂಪ್ಯೂಟರ್ ದೂಳು ಹೊದ್ದು ಕೂತಿರುತ್ತದೆ. ನಿಮ್ಮ ಊರಿನ ಪುಸ್ತಿಕೆ ಎಲ್ಲಿ ಟೈಪ್ ಆಗಿತ್ತೋ ಅಲ್ಲಿಗೆ ಹೋಗಿ, ಅದನ್ನು ಗುಜರಿಗೆ ಹಾಕುವ ಮುಂಚೆ ಫೈಲು ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಹೊಸದಾಗಿ ಏನೇ ಮಾಡಿಸಿದರೂ ‘ಯುನಿಕೋಡ್‌ನಲ್ಲಿ ಒಂದು ಕಾಪಿ ಕೊಡ್ರಿ ಅಣ್ಣಾ’ ಅನ್ನಿ.