ಎರಡು ಬಣಗಳ ಗಣಿತ ಮತ್ತು ಕೊಂಗುನಾಡಿನ ಎಡಗೈ–ಬಲಗೈ ವಿಭಾಗ

ಸಣ್ಣ ಗುಂಪುಗಳ ಒಲವು–ಹಗೆಗಳನ್ನು ಗಣಿತದ ಭಾಷೆಗೆ ತರುವ ಯತ್ನ ಇಪ್ಪತ್ತನೆಯ ಶತಮಾನದ್ದು. ಮನೋವಿಜ್ಞಾನಿ ಫ್ರಿಟ್ಜ್ ಹೈಡರ್ 1946ರಲ್ಲಿ ಮಂಡಿಸಿದ ಸಮತೋಲದ ಕಲ್ಪನೆಗೆ ಫ್ರ್ಯಾಂಕ್ ಹರಾರಿ 1953ರಲ್ಲಿಯೂ, ಡಾರ್ವಿನ್ ಕಾರ್ಟ್‌ರೈಟ್ ಅವರೊಡಗೂಡಿ 1956ರಲ್ಲಿಯೂ ರೇಖಾಜಾಲದ ರೂಪವನ್ನಿತ್ತರು. ಇಲ್ಲಿ ವ್ಯಕ್ತಿಗಳು ಬಿಂದುಗಳು. ಒಲವು ಧನರೇಖೆ, ವಿರೋಧ ಋಣರೇಖೆ. ಪ್ರತಿಯೊಂದು ಆವರ್ತದ ಚಿಹ್ನೆಗಳ ಗುಣಲಬ್ಧವು ಧನವಾಗಿದ್ದರೆ ಜಾಲವು ಸಮತೋಲದಲ್ಲಿರುತ್ತದೆ. ಅಂತಹ ಗುಂಪು ಒಂದೇ ಆಗಿ ಉಳಿದಿರಬೇಕು, ಇಲ್ಲವೆ ಒಳಗೆ ಸ್ನೇಹವೂ ನಡುವೆ ವೈರವೂ ಇರುವ ಎರಡು ಬಣಗಳಾಗಿ ಒಡೆದಿರಬೇಕು. ಶತ್ರುವಿನ ಶತ್ರು ಮಿತ್ರನೆಂಬ ಅರ್ಥಶಾಸ್ತ್ರದ ಮಂಡಲ ನೀತಿಗೆ ಇದು ದೂರದ್ದಲ್ಲ.

ದಕ್ಷಿಣ ಭಾರತದಲ್ಲಿ ಈ ಪ್ರಮೇಯಕ್ಕೆ ಒಪ್ಪುವಂತೆ ಕಾಣುವ ಉದಾಹರಣೆಯೆಂದರೆ ಬಲಗೈ–ಎಡಗೈ ಜಾತಿ ವಿಭಾಗ. ಕನ್ನಡದಲ್ಲಿ ಹದಿನೆಂಟು ಪಣ, ಒಂಬತ್ತು ಪಣ. ಮದರಾಸಿನಲ್ಲಿ 1707–08ರ ಕಲಹವು ಎರಡೂ ಪಕ್ಷಗಳಿಗೆ ಬೇರೆಬೇರೆ ಬೀದಿಗಳನ್ನು ಗೊತ್ತುಪಡಿಸುವಷ್ಟು ಬೆಳೆದಿತ್ತು. ಕೊಂಗುನಾಡಿನಲ್ಲಿ ಈ ವಿಭಾಗದ ಉಳಿಕೆಗಳನ್ನು ಬ್ರೆಂಡಾ ಬೆಕ್ 1964–66ರಲ್ಲಿ ಕಾಂಗೇಯಂ ಸೀಮೆಯಲ್ಲಿ ಪರಿಶೀಲಿಸಿದರು. ಅವರ ಗ್ರಂಥ 1972ರಲ್ಲಿ ಪ್ರಕಟವಾಯಿತು. ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಆ ಸೀಮೆ ಇಂದು, 2009ರಲ್ಲಿ ರಚಿತವಾದ ತಿರುಪ್ಪೂರು ಜಿಲ್ಲೆಯಲ್ಲಿದೆ.

ಆದರೆ ಬೆಕ್ ಅವರ ಚಿತ್ರಣವು ಎರಡು ಬಣಗಳ ಪ್ರಮೇಯಕ್ಕೆ ಪೂರ್ತಿಯಾಗಿ ಮಣಿಯುವುದಿಲ್ಲ. ಬಲಗೈ ಜಾತಿಗಳು ಭೂಒಡೆಯರಾದ ಗೌಂಡರ್ ಸಮುದಾಯದ ಸುತ್ತ ಪರಸ್ಪರ ಹೆಣೆದುಕೊಂಡಿವೆ. ಎಡಗೈಯಲ್ಲಿ ಅಂತಹ ಬಿಗಿಯಿಲ್ಲ. ಬ್ರಾಹ್ಮಣರು ಎರಡಕ್ಕೂ ಹೊರಗಿನವರು. 1967ರಲ್ಲಿ ಜೇಮ್ಸ್ ಡೇವಿಸ್ ಮೂವರೂ ಪರಸ್ಪರ ವಿರೋಧಿಗಳಾಗಿರುವ ತ್ರಿಕೋನವನ್ನೂ ಒಪ್ಪಿ, ಎರಡಕ್ಕಿಂತ ಹೆಚ್ಚು ಬಣಗಳಿಗೆ ಎಡೆಮಾಡಿದ್ದು ಇಲ್ಲಿ ಹೆಚ್ಚು ಹೊಂದುತ್ತದೆ. ಆದರೂ ಒಡೆಯ ಮತ್ತು ಆಶ್ರಿತರ ನಡುವಿನ ಮೇಲುಕೀಳನ್ನು ಧನಚಿಹ್ನೆಯೊಂದು ಹೇಳಲಾರದು: ದುಡಿಮೆಯ ಅವಲಂಬನೆ ಒಲವಲ್ಲ.

ಭಾಷಾ ಅಲ್ಪಸಂಖ್ಯಾತರ ಚರಿತ್ರೆಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. 1800–01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಎಡಗೈ ಪಟ್ಟಿಯಲ್ಲಿ ಪಾಂಚಾಳರು, ಬೇರಿ ಶೆಟ್ಟರು, ಮಾದಿಗರೊಡನೆ ದೇವಾಂಗ ನೇಕಾರರನ್ನೂ ಸೇರಿಸಿದ್ದಾರೆ. ಕೊಯಮತ್ತೂರು–ತಿರುಪ್ಪೂರು ಪ್ರದೇಶದಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗರು ಇಂದಿಗೂ ಇದ್ದಾರೆ. ಬೆಕ್ ಗುರುತಿಸಿದ ಎಡಗೈಯಲ್ಲಿ ತೆಲುಗು ಮೂಲದ ನಾಯಕ್ಕರೂ ತಮಿಳು ಕುಶಲಕರ್ಮಿಗಳೂ ಒಟ್ಟಿಗಿದ್ದಾರೆ. ಬಣದ ಗೆರೆ ಭಾಷೆಯ ಗೆರೆಯನ್ನು ಅಡ್ಡಹಾಯುತ್ತದೆ. ಜನಗಣತಿಯ ಮಾತೃಭಾಷಾ ಅಂಕಣದಿಂದಲೇ ನಂಟು–ವೈರಗಳನ್ನು ಊಹಿಸಿದರೆ, ಗಣಿತ ಎಷ್ಟೇ ಸರಿಯಾಗಿದ್ದರೂ ಜಾಲ ತಪ್ಪಾಗುತ್ತದೆ.